ಎಲೀಯನಿಗೆ ದೇವರು ಮೊದಲು ಕೊಟ್ಟಿದ್ದು ನಿದ್ದೆ ಮತ್ತು ರೊಟ್ಟಿ

ಮಾನ್ಯರೇ,

ನಾನು ಸಕಲೇಶಪುರ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ 26 ವರ್ಷದಿಂದ ರೈಟರ್, ಅಂದರೆ ಹಾಜರಿ, ಲೆಕ್ಕ ಬರೆಯುವ ಕೆಲಸ ಮಾಡುತ್ತಿದ್ದೇನೆ. ವಯಸ್ಸು 52. ನಮ್ಮದು ಕ್ರೈಸ್ತ ಮನೆತನ. ಒತ್ತಡದ ಬಗ್ಗೆ ಪತ್ರಿಕೆಗಳಲ್ಲಿ ಓದುವಾಗ ಹೆಚ್ಚಾಗಿ ಬೆಂಗಳೂರಿನ ಕಂಪನಿ ಕೆಲಸದವರ ಮಾತೇ ಬರುತ್ತದೆ. ಮರದ ನೆರಳು, ತಣ್ಣನೆ ಗಾಳಿ, ನಿಮಗೆಲ್ಲ ಎಂಥ ಟೆನ್ಷನ್ ಅಂತ ನೆಂಟರೇ ಕೇಳುತ್ತಾರೆ. ಅದಕ್ಕೇ ಈ ಪತ್ರ. ಇನ್ನೊಂದು ಮಾತು, ಬೈಬಲ್ಲಿನ ಪ್ರವಾದಿ ಎಲೀಯನ ಕತೆಯಿಂದ ಕಲಿತದ್ದು, ನಮ್ಮ ಚರ್ಚಿನವರಿಗೆ ಹೇಳಬೇಕಾದದ್ದೂ ಇದೆ.

ಕೊಯ್ಲಿನ ಮೂರ್ನಾಲ್ಕು ತಿಂಗಳು ಹೇಗಿರುತ್ತದೆ ಅಂತ ತೋಟದವರಿಗೆ ಗೊತ್ತು. ಒಂದು ಜಾತಿಯ ಕಾಫಿ ಅರೇಬಿಕಾ ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿ ರೋಬಸ್ಟಾ ಹಣ್ಣಾಗಿ ನಿಂತಿರುತ್ತದೆ. ಆಳು ಸಾಲುವುದಿಲ್ಲ. ಪಕ್ಕದ ತೋಟದಲ್ಲಿ ಕೆಜಿಗೆ ಐವತ್ತು ಪೈಸೆ ಜಾಸ್ತಿ ಅಂದರೆ ಮಾರನೇ ದಿನ ಅರ್ಧ ಗುಂಪು ಅಲ್ಲಿರುತ್ತದೆ. ಸಂಜೆ ಮೂಟೆ ತೂಗಬೇಕು, ಆಳಿನ ಹಾಜರಿ, ಕೂಲಿ ಲೆಕ್ಕದ ಚೆಕ್‌ರೋಲ್ ಬರೆಯಬೇಕು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಹತ್ತಿರ ನಿಲ್ಲಬೇಕು, ಕಣದಲ್ಲಿ ಹರಡಿದ್ದನ್ನು ಗುಡ್ಡೆ ಮಾಡಿಸಿ ಟಾರ್ಪಾಲ್ ಹೊದಿಸಬೇಕು, ಇದರ ಮಧ್ಯೆ ಆನೆ ಬಂತು ಅಂತ ಫೋನ್ ಬಂದರೆ ಇದ್ದಬದ್ದ ಕೆಲಸ ಬಿಟ್ಟು ಆ ಬ್ಲಾಕಿನವರನ್ನೆಲ್ಲ ಕೂಲಿಯವರು ಇರುವ ಲೈನ್ ಮನೆಗೆ ಕಳಿಸಿ ತಲೆ ಎಣಿಸಬೇಕು. ಒಂದು ತಲೆ ಕಡಿಮೆ ಬಂದರೆ ಆ ಐದು ನಿಮಿಷ ಏನಾಗುತ್ತದೆ ಅಂತ ಬರೆಯಲು ನನಗೆ ಬರುವುದಿಲ್ಲ.

2024ರ ಜನವರಿ ಮೊದಲ ವಾರ, ಬರಬಾರದ ಹೊತ್ತಿನಲ್ಲಿ ಮಳೆ ಬಂತು. ಗಿಡದಲ್ಲಿದ್ದ ಹಣ್ಣು ಉದುರಿತು, ಕಣದಲ್ಲಿದ್ದದ್ದು ಒದ್ದೆಯಾಯಿತು. ಆ ವಾರ ನಾನು ರಾತ್ರಿ ನಾಲ್ಕು ಗಂಟೆ ಮಲಗಿದ್ದರೆ ಹೆಚ್ಚು. ಮನೆ ಪಕ್ಕದಲ್ಲೇ ಕಣ, ಟಾರ್ಪಾಲಿನ ಮೇಲೆ ಹನಿ ಬಿದ್ದರೆ ಎಚ್ಚರ. ಎದ್ದರೆ ಕೈ ಫೋನಿಗೆ. ಮೊದಲು ಹವಾಮಾನ, ಆಮೇಲೆ ರೇಟು. ರೋಬಸ್ಟಾ ರೇಟು ಲಂಡನ್ನಿನಲ್ಲಿ ಆಡುತ್ತದೆ, ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ. ಅಲ್ಲಿ ವ್ಯಾಪಾರ ಮುಗಿಯುವ ಹೊತ್ತಿಗೆ ನಮಗೆ ರಾತ್ರಿ. ನೋಡುತ್ತಾ ಕೂತರೆ ನಿದ್ದೆ ಹೋಗುತ್ತದೆ.

ಒಂದು ದಿನ ಬೆಳಗಿನ ಜಾವ ಎದೆ ಬಿಗಿಯಿತು. ಬಾಯಿ ಒಣಗಿತು, ಎಡಗೈ ಬೆರಳು ಜುಂ ಅಂದವು, ಉಸಿರು ಮೇಲಿಂದ ಮೇಲೆ ಬರುತ್ತಿತ್ತು. ಮುಗಿಯಿತು ಅಂದುಕೊಂಡೆ. ಯಾರಿಗೂ ಹೇಳದೆ ಮೊದಲ ಬಸ್ಸು ಹತ್ತಿ ಹಾಸನಕ್ಕೆ ಹೋದೆ. ಇದು ತಪ್ಪು, ಯಾರೂ ಹೀಗೆ ಮಾಡಬೇಡಿ. ಎದೆನೋವು ಬಂದಾಗ 108ಕ್ಕೆ ಕರೆ ಮಾಡಬೇಕು. ಹೃದಯದ್ದೋ ಮನಸ್ಸಿನದ್ದೋ ಅಂತ ನಾವೇ ತೀರ್ಮಾನ ಮಾಡಬಾರದು.

ನನ್ನ ಪುಣ್ಯ, ಇಸಿಜಿ ಸರಿ ಇತ್ತು, ರಕ್ತ ಪರೀಕ್ಷೆಯೂ ಸರಿ ಇತ್ತು. ಡಾಕ್ಟರು ಪೆನ್ನು ಕೆಳಗಿಟ್ಟು ಎರಡು ಪ್ರಶ್ನೆ ಕೇಳಿದರು. ದಿನಕ್ಕೆ ಎಷ್ಟು ಗಂಟೆ ನಿದ್ದೆ? ಎಷ್ಟು ಕಾಫಿ? ಬೆರಳು ಮಡಚಿ ಎಣಿಸಿದೆ. ಬೆಳಗ್ಗೆ ಎದ್ದ ತಕ್ಷಣ ಒಂದು, ಹಾಜರಿ ಆದ ಮೇಲೆ ಒಂದು, ಹತ್ತಕ್ಕೆ, ಊಟ ಆದ ಮೇಲೆ, ನಾಲ್ಕಕ್ಕೆ, ತೂಕದ ಹೊತ್ತಿಗೆ, ರಾತ್ರಿ ಚೆಕ್‌ರೋಲ್ ಬರೆಯುವಾಗ. ಏಳು. ಕಾಫಿಯಲ್ಲಿರುವ ಕೆಫೀನ್ ಕುಡಿದು ಐದು ಗಂಟೆ ಆದ ಮೇಲೂ ಸುಮಾರು ಅರ್ಧದಷ್ಟು ಮೈಯಲ್ಲೇ ಇರುತ್ತದೆ ಅಂತ ಅವರು ಹೇಳಿದಾಗ, ಹುಟ್ಟಿದಾಗಿನಿಂದ ಕಾಫಿ ಗಿಡದ ಮಧ್ಯೆ ಇದ್ದ ನನಗೆ ಅದು ಹೊಸ ವಿಷಯ.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ. ಊರಿಗೆ ಬಂದು ಪ್ರಾರ್ಥನಾ ಕೂಟದಲ್ಲಿ ನನ್ನ ಸಂಕಟ ಹೇಳಿಕೊಂಡೆ. ಅಲ್ಲಿದ್ದ ಹಿರಿಯರೊಬ್ಬರು, ಒಳ್ಳೆಯವರೇ, 'ನಿಮಗೆ ವಿಶ್ವಾಸ ಕಡಿಮೆ, ಅದಕ್ಕೇ ಹೀಗಾಗಿದೆ, ಉಪವಾಸ ಇದ್ದು ರಾತ್ರಿ ಜಾಗರಣೆ ಮಾಡಿ' ಅಂದರು. ನಾನು ಮಾಡಿದೆ. ಮೂರು ರಾತ್ರಿ ಹನ್ನೆರಡರವರೆಗೆ ಮೊಣಕಾಲೂರಿದೆ, ಹಗಲು ಬರೀ ಹೊಟ್ಟೆಯಲ್ಲಿ ತೋಟ ಸುತ್ತಿದೆ. ನಾಲ್ಕನೇ ದಿನ ಏಣಿ ಹತ್ತಿರ ತಲೆ ತಿರುಗಿ ಕೂತುಬಿಟ್ಟೆ. ಎದೆ ಬಿಗಿತ ಜಾಸ್ತಿಯೇ ಆಯಿತು. ಅದಕ್ಕಿಂತ ಕೆಟ್ಟದ್ದು ಅಂದರೆ, ದೇವರಿಗೂ ನಾನು ಬೇಡವಾದೆ ಅನ್ನುವ ಯೋಚನೆ ಶುರುವಾಯಿತು. ದಣಿದ ಮನುಷ್ಯನಿಗೆ ವಿಶ್ವಾಸ ಸಾಲದು ಅಂತ ಹೇಳುವುದು ಅವನ ತಲೆ ಮೇಲೆ ಇನ್ನೊಂದು ಮೂಟೆ ಇಟ್ಟಂತೆ.

ಅದೇ ವರ್ಷ ಆಗಸ್ಟ್‌ನಲ್ಲಿ ಒಂದು ಭಾನುವಾರದ ಪೂಜೆಯಲ್ಲಿ ಮೊದಲ ವಾಚನ ಎಲೀಯನ ಕತೆ. ಅರಸುಗಳ ಮೊದಲ ಪುಸ್ತಕ, 19ನೇ ಅಧ್ಯಾಯ. ಎಷ್ಟೋ ಸಲ ಕೇಳಿದ್ದೇ. ಅವತ್ತು ಮಾತ್ರ ಬೆಂಚಿನ ತುದಿಗೆ ಸರಿದು ಕೂತು ಕೇಳಿದೆ. ಎಲೀಯ ಸಣ್ಣಪುಟ್ಟ ಮನುಷ್ಯ ಅಲ್ಲ, ಕರ್ಮೆಲ್ ಬೆಟ್ಟದಲ್ಲಿ ಅವನು ಬೇಡಿಕೊಂಡರೆ ಆಕಾಶದಿಂದ ಬೆಂಕಿ ಇಳಿದಿತ್ತು. ಅಂಥವನು ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಓಡಿಹೋಗಿ, ಮರುಭೂಮಿಯಲ್ಲಿ ಒಂದು ದಿನದ ದಾರಿ ನಡೆದು, ಒಂದು ಗಿಡದ ಬುಡದಲ್ಲಿ ಕೂತು, ಸಾಕಪ್ಪಾ ದೇವರೇ, ನನ್ನ ಪ್ರಾಣ ತೆಗೆದುಕೋ ಅಂತ ಹೇಳಿ ಮಲಗಿಬಿಟ್ಟ.

ಆಗ ದೇವರು ಏನು ಮಾಡಿದರು ನೋಡಿ. ಬೈಯಲಿಲ್ಲ. ವಿಶ್ವಾಸ ಎಲ್ಲಿ ಹೋಯಿತು ಅಂತ ಕೇಳಲಿಲ್ಲ. ದೂತನನ್ನು ಕಳಿಸಿದರು. ಆ ದೂತ ತಟ್ಟಿ ಎಬ್ಬಿಸಿ, ಏಳು, ತಿನ್ನು ಅಂದ. ತಲೆ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಕುಡಿಕೆ ನೀರು. ತಿಂದ, ಕುಡಿದ, ಮತ್ತೆ ಮಲಗಿದ. ಮತ್ತೆ ಮಲಗಲು ಬಿಟ್ಟರು, ಗಮನಿಸಿ! ಎರಡನೇ ಸಲ ಎಬ್ಬಿಸಿದಾಗಲೂ ಊಟದ ಮಾತೇ: ತಿನ್ನು, ದಾರಿ ದೂರ ಇದೆ, ನಿನ್ನ ಕೈಲಿ ಆಗುವುದಿಲ್ಲ. ಆ ಊಟದ ಬಲದಲ್ಲಿ 40 ದಿನ ನಡೆದು ಹೋರೇಬ್ ಬೆಟ್ಟ ಸೇರಿದ ಮೇಲೆಯೇ ದೇವರು ಅವನ ಹತ್ತಿರ ಕೂತು ಮಾತಾಡಿದ್ದು, ಅದೂ ಮೆಲ್ಲನೆ ದನಿಯಲ್ಲಿ. ನಾನು ಉಪವಾಸ, ಜಾಗರಣೆ ಅಂತ ಹೋದದ್ದು ಉಲ್ಟಾ ದಾರಿ. ಚೆನ್ನಾಗಿರುವಾಗ ಉಪವಾಸ ಮಾಡುವುದು ಬೇರೆ, ಬಿದ್ದವನು ಮಾಡುವುದು ಬೇರೆ. ಪೂಜೆ ಮುಗಿದ ಮೇಲೆ ಫಾದರ್ ಹತ್ತಿರ ಹೇಳಿದೆ. ಅವರು ನಕ್ಕು, 'ಸುವಾರ್ತೆ ಬರೆದ ಲೂಕನನ್ನು ಪೌಲನು ಪ್ರಿಯ ವೈದ್ಯ ಅಂತ ಕರೆಯುತ್ತಾನಲ್ಲ, ಡಾಕ್ಟರು ಹೇಳಿದ್ದನ್ನು ಮೊದಲು ಮಾಡಿ' ಅಂದರು.

ಮಾಡಿದ್ದು ದೊಡ್ಡದೇನೂ ಇಲ್ಲ. ಕಾಫಿ ದಿನಕ್ಕೆ ಎರಡು, ಮಧ್ಯಾಹ್ನ ಒಂದರ ಮೇಲೆ ಇಲ್ಲ. ನಾಲ್ಕು ಗಂಟೆಗೆ ಕೊತ್ತಂಬರಿ ಜೀರಿಗೆ ಕಷಾಯ. ಮೊದಲ ವಾರ ತಲೆನೋವು ಬಂತು, ಹೋಯಿತು. ಫೋನು ರಾತ್ರಿ ಒಂಬತ್ತಕ್ಕೆ ಅಡುಗೆಮನೆಯ ಗೂಡಿನಲ್ಲಿ. ರಿಂಗ್ ಆದರೆ ಕೇಳಿಸುತ್ತದೆ, ಆನೆ ಫೋನು ತಪ್ಪುವುದಿಲ್ಲ, ಆದರೆ ರೇಟು ನೋಡಲು ಎದ್ದು ಹೋಗಬೇಕು, ಚಳಿಯಲ್ಲಿ ಯಾರು ಏಳುತ್ತಾರೆ! ಕೊಯ್ಲಿನ ಹೊತ್ತಿಗೆ ನಮ್ಮ ಕಡೆ ಅನೇಕರು ಸಂಜೆ ಒಂದು ಪೆಗ್ ಹಾಕಿದರೆ ನಿದ್ದೆ ಬರುತ್ತದೆ ಅನ್ನುತ್ತಾರೆ. ಬರುತ್ತದೆ ನಿಜ, ಆದರೆ ಮಧ್ಯರಾತ್ರಿಯ ಮೇಲೆ ಅದೇ ನಿದ್ದೆ ಕೆಡಿಸುತ್ತದೆ.

ಬೆಳಗ್ಗೆ ಎದ್ದು ವಾಕಿಂಗ್ ಹೋಗಿ ಅಂತ ಎಲ್ಲರೂ ಬರೆಯುತ್ತಾರೆ. ಸಕಲೇಶಪುರ, ಆಲೂರು, ಬೇಲೂರು ಕಡೆ ಮಂಜಿನಲ್ಲಿ ಒಬ್ಬರೇ ನಡೆಯುವುದು ಪ್ರಾಣಕ್ಕೆ ಅಪಾಯ, ಆನೆ ಎದುರು ಬರುವವರೆಗೂ ಕಾಣುವುದಿಲ್ಲ. ನಾನು ಊಟದ ಬಿಡುವಿನಲ್ಲಿ ಕಣದ ಸುತ್ತ 20 ನಿಮಿಷ ನಡೆಯುತ್ತೇನೆ, ಭಾನುವಾರ ಚರ್ಚಿಗೆ ಬಿಸಿಲು ಬಂದ ಮೇಲೆ ನಡೆದೇ ಹೋಗುತ್ತೇನೆ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೆ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದಕ್ಕೆ ಲೆಕ್ಕ ಸರಿಹೋಗುತ್ತದೆ. ದಿನವಿಡೀ ತೋಟ ಸುತ್ತುತ್ತೀರಲ್ಲ ಅಂತ ಕೇಳಬಹುದು. ಅದು ಆಳು ಎಣಿಸುವ, ಗಿಡ ನೋಡುವ ನಡಿಗೆ. ಇದರಲ್ಲಿ ಏನನ್ನೂ ಎಣಿಸುವುದಿಲ್ಲ.

ಚೆಕ್‌ರೋಲ್ ಪುಸ್ತಕದ ಕೊನೆಯ ಹಾಳೆಗಳು ಖಾಲಿ ಇರುತ್ತವೆ. ಅಲ್ಲಿ ಮಧ್ಯಕ್ಕೆ ಒಂದು ಗೆರೆ ಎಳೆದಿದ್ದೇನೆ. ಎಡಕ್ಕೆ ನಾಳೆ ನಾನು ಮಾಡುವುದು: ಟಾರ್ಪಾಲ್ ಹರಿದಿದೆ, ಹೊಲಿಸಬೇಕು. ಡೀಸೆಲ್ ತರಿಸಬೇಕು. ಬಲಕ್ಕೆ ನನ್ನ ಕೈಲಿಲ್ಲದ್ದು: ಮಳೆ. ರೇಟು. ಮಗಳ ಪರೀಕ್ಷೆ. ಎಡಗಡೆಯದು ಬೆಳಗ್ಗೆ ನೋಡುತ್ತೇನೆ. ಬಲಗಡೆಯದನ್ನು ಗಟ್ಟಿಯಾಗಿ ಓದಿ ಯೇಸುಸ್ವಾಮಿಗೆ ಒಪ್ಪಿಸುತ್ತೇನೆ. ನಾಳೆಯ ಚಿಂತೆ ನಾಳೆಗೆ ಅಂತ ಅವರು ಹೇಳಿದ್ದು ಕೈಕಟ್ಟಿ ಕೂರು ಅಂತ ಅಲ್ಲ ಅನ್ನುವುದು ಆ ಗೆರೆ ಎಳೆದ ಮೇಲೆ ನನಗೆ ತಿಳಿಯಿತು.

ಆಮೇಲೆ ಜಪಮಾಲೆ. ಇದು ನನ್ನ ಅಮ್ಮನಿಂದ ಬಂದದ್ದು. ಅಮ್ಮ ಶೆಟ್ಟಿಹಳ್ಳಿ ಕಡೆಯವರು. ಈಗ ಎಲ್ಲರೂ ಫೋಟೊ ತೆಗೆಯಲು ಹೋಗುವ, ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವ ಆ ಚರ್ಚನ್ನು ಫ್ರೆಂಚ್ ಪಾದ್ರಿಗಳು 1860ರಲ್ಲಿ ಕಟ್ಟಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಹಿನ್ನೀರಿಗೆ ಊರು ಹೋಯಿತು, ಜನ ಗಂಟುಮೂಟೆ ಕಟ್ಟಿದರು. ಹೊಲ, ಮನೆ, ಅಪ್ಪ ಅಮ್ಮನ ಸಮಾಧಿ ಎಲ್ಲ ಬಿಟ್ಟು ಬಂದ ಹೆಂಗಸು ನಮ್ಮಮ್ಮ. ಏಳು ಗಂಟೆಗೆ ದೀಪ ಹಚ್ಚಿ ಜಪಮಾಲೆ, ಆಮೇಲೆ ಮುದ್ದೆ ಸಾರು, ಒಂಬತ್ತಕ್ಕೆ ದೀಪ ಆರಿಸುವುದು. 'ಮರಿಯಮ್ಮನಿಗೆ ಒಪ್ಸಿ ಮಲ್ಕೊ ಮಗಾ' ಅನ್ನುತ್ತಿದ್ದರು. ಮರಿಯಮ್ಮನ ಪ್ರಾರ್ಥನೆ ನಮೋ ಮರಿಯ, ಅದರ ಅರ್ಧ ಅವರು, ಉಳಿದರ್ಧ ನಾವು ಮಕ್ಕಳು. ಅವರು ಹೇಳುವಾಗ ನಮ್ಮ ಉಸಿರು ಒಳಗೆ, ನಾವು ಹೇಳುವಾಗ ಹೊರಗೆ.

ಇದನ್ನು ಯಾಕೆ ಬರೆದೆ ಅಂದರೆ, ನರ್ಸಿಂಗ್ ಓದುವ ನನ್ನ ಮಗಳು ಒಂದು ವಿಷಯ ತೋರಿಸಿದಳು. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನ. 23 ಜನರಿಂದ ಲ್ಯಾಟಿನ್ ಭಾಷೆಯಲ್ಲಿ ನಮೋ ಮರಿಯ ಹೇಳಿಸಿದ್ದಾರೆ, ಯೋಗದ ಮಂತ್ರವೊಂದನ್ನೂ ಹೇಳಿಸಿದ್ದಾರೆ. ಸಾಮಾನ್ಯವಾಗಿ ನಿಮಿಷಕ್ಕೆ 12ಕ್ಕಿಂತ ಹೆಚ್ಚಿರುವ ಉಸಿರು ಎರಡರಲ್ಲೂ ಆರರ ಹತ್ತಿರಕ್ಕೆ ಇಳಿದಿತ್ತು, ಹೃದಯದ ಲಯವೂ ಅದಕ್ಕೆ ಹೊಂದಿಕೊಂಡಿತ್ತು. ಮಂತ್ರ ಹೇಳುವ ಅಕ್ಕಪಕ್ಕದವರಿಗೂ ಅಷ್ಟೇ ಒಳ್ಳೆಯದಾಗಿದೆ ಅಂತ ತಿಳಿದು ನನಗೆ ಸಂತೋಷವೇ ಆಯಿತು. ಪ್ರಾರ್ಥನೆ ಔಷಧಿ ಅಂತ ನಾನು ಹೇಳುವುದಿಲ್ಲ. ಉಸಿರು ನಿಧಾನ ಆಗದಿದ್ದರೂ ನಾನು ಜಪಮಾಲೆ ಹಿಡಿಯುತ್ತೇನೆ. ಆದರೆ ನಮ್ಮನ್ನು ಮಾಡಿದವರಿಗೆ ನಮ್ಮ ಉಸಿರಾಟ ಗೊತ್ತಿರುವುದಿಲ್ಲವೇ?

2025ರ ಜೂನ್, ಜುಲೈನಲ್ಲಿ ಹಾಸನದಲ್ಲಿ ಹೃದಯಾಘಾತದ ಸುದ್ದಿ ಮೇಲಿಂದ ಮೇಲೆ ಬಂದಾಗ ಈ ಜಿಲ್ಲೆ ಹೇಗೆ ನಡುಗಿತು ಅಂತ ನಿಮಗೆಲ್ಲ ನೆನಪಿರಬೇಕು. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಬೆಳಗ್ಗೆಯೇ ಸಾಲು. ಸರ್ಕಾರದ ತಜ್ಞರ ಸಮಿತಿ ಸಾವು ಅಸಹಜವಾಗಿ ಏರಿಲ್ಲ ಅಂತ ಹೇಳಿದ ಮೇಲೂ ನಮ್ಮ ಲೈನ್ ಮನೆಯಲ್ಲಿ ಮಧ್ಯರಾತ್ರಿ ಎದ್ದು ಕೂರುವವರಿದ್ದರು. ಮೇಸ್ತ್ರಿಯೊಬ್ಬರು, ನನಗಿಂತ ಚಿಕ್ಕವರು, ನನ್ನ ಜಗಲಿಗೆ ಬಂದು 'ಎದೆ ಹೊಡ್ಕೊಳ್ತದೆ ರೈಟ್ರೇ' ಅಂದರು. ಅವರನ್ನು ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಬಿಪಿ ಜಾಸ್ತಿ ಇತ್ತು, ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ವಿಶ್ವಾಸದ ಮಾತು ನಾನು ಎತ್ತಲಿಲ್ಲ, ರೊಟ್ಟಿ ಕೊಟ್ಟೆ.

ಒಂದು ಬೇಜಾರು ಇನ್ನೂ ಇದೆ. ನನಗೆ ಊಟದ ಬಿಡುವು ಇದೆ, ನಡೆಯುತ್ತೇನೆ. ಲೈನ್ ಮನೆಯ ಹೆಂಗಸರು ಐದಕ್ಕೆ ಎದ್ದು ಅಡುಗೆ ಮಾಡಿ, ಎಂಟಕ್ಕೆ ತೋಟಕ್ಕೆ ಬಂದು, ಸಂಜೆ ಮತ್ತೆ ಒಲೆ ಮುಂದೆ ಕೂರುತ್ತಾರೆ. ಅವರಿಗೆ ಒಳ್ಳೆಯ ಅಭ್ಯಾಸ ಬೆಳೆಸಿಕೊಳ್ಳಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಕೊಯ್ಲಿನ ಕಾಲದಲ್ಲೂ ವಾರಕ್ಕೆ ಒಂದು ಪೂರ್ತಿ ರಜೆ ತಪ್ಪಿಸಬೇಡಿ ಅಂತ ತೋಟದ ಮಾಲೀಕರಲ್ಲಿ ಕೇಳಿಕೊಳ್ಳುತ್ತೇನೆ. ಏಳನೇ ದಿನದ ವಿಶ್ರಾಂತಿಯನ್ನು ಬೈಬಲ್ಲಿನ ಹಳೆ ಒಡಂಬಡಿಕೆ ಕೂಲಿಯಾಳಿಗೂ, ಎತ್ತಿಗೂ ಕೊಟ್ಟಿದೆ.

ಚಿಕ್ಕಮಗಳೂರು ಧರ್ಮಪ್ರಾಂತ್ಯದ ಎಲ್ಲ ಚರ್ಚಿನವರಲ್ಲೂ, ಸಿಎಸ್‌ಐ ಮತ್ತು ಉಳಿದ ಸಭೆಗಳವರಲ್ಲೂ ಒಂದು ಬೇಡಿಕೆ. ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಎಲೀಯನ ಹಾಗೆ ಪ್ರಾಣ ಬೇಡ ಅನ್ನಿಸುವ ಮಟ್ಟಕ್ಕೆ ಹೋದವರು ನಮ್ಮ ಬೆಂಚುಗಳಲ್ಲೇ ಕೂತಿರುತ್ತಾರೆ, ನಮಗೆ ಗೊತ್ತಾಗುವುದಿಲ್ಲ. ಈ ನಂಬರನ್ನು ಪೂಜೆಯ ಕೊನೆಗೆ ಪ್ರಕಟಣೆಯಲ್ಲಿ ಒಮ್ಮೆ ಓದಿ. ಕಳೆದ ಭಾನುವಾರ ನಾನು ಅದನ್ನು ಚೆಕ್‌ರೋಲ್ ಬರೆಯುವ ನೀಲಿ ಪೆನ್ನಿನಲ್ಲೇ ದಪ್ಪಗೆ ಬರೆದು ಫಾದರ್ ಕೈಗೆ ಕೊಟ್ಟೆ. ನೋಟಿಸ್ ಬೋರ್ಡಿನಲ್ಲಿ ಪೂಜೆ ಸಮಯದ ಪಕ್ಕದಲ್ಲೇ ಅಂಟಿಸಿದ್ದಾರೆ. ಹೊರಡುವಾಗ ಇಬ್ಬರು ನಿಂತು ಫೋನಿನಲ್ಲಿ ಬರೆದುಕೊಳ್ಳುತ್ತಿದ್ದರು.

ಇಂತಿ,
ಒಬ್ಬ ತೋಟದ ರೈಟರ್
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ