ನನ್ನ ಹೃದಯವನ್ನು ಅಳೆಯುತ್ತ ಬಂದವರಿಗೆ

ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟದ ದುರಸ್ತಿಯಾದ ಮೇಲಿನ ಮೊದಲ ವಾರ್ಷಿಕ ಎಕೋ ಪರೀಕ್ಷೆ (ಶ್ರವಣಾತೀತ ಧ್ವನಿಯಿಂದ ಹೃದಯದ ಚಿತ್ರ ತೆಗೆಯುವುದು) ಕಳೆದ ವಾರ ಮುಗಿಯಿತು. ಸೋರಿಕೆ ಇಲ್ಲವೆನ್ನುವಷ್ಟು ಅಲ್ಪ, ಹಿಗ್ಗಿದ್ದ ಎಡ ಹೃತ್ಕುಕ್ಷಿ (ಎಡಗಡೆಯ ಕೆಳಕೋಣೆ) ಕುಗ್ಗಿ ಸಹಜ ಗಾತ್ರಕ್ಕೆ ಬಂದಿದೆ ಎಂದು ವರದಿ ಹೇಳುತ್ತದೆ. ಶಿರಸಿಯ ಬಂಧುಗಳೂ ಹಳೆಯ ವಿದ್ಯಾರ್ಥಿಗಳೂ ಬೆಂಗಳೂರಿನ ಶಸ್ತ್ರಚಿಕಿತ್ಸಕರ ಕೈಗುಣವನ್ನು ಹೊಗಳುತ್ತಿದ್ದಾರೆ. ಅದು ಅವರಿಗೆ ಸಲ್ಲತಕ್ಕದ್ದೇ. ಆದರೆ ಆ ಶಸ್ತ್ರಚಿಕಿತ್ಸೆ ಅವಸರವೂ ಆಗದೆ ತಡವೂ ಆಗದೆ ನಡೆಯುವಂತೆ ವರ್ಷಗಟ್ಟಲೆ ನನ್ನ ಹೃದಯವನ್ನು ಅಳೆಯುತ್ತ ಬಂದವರನ್ನು ಯಾರೂ ನೆನೆಯುವುದಿಲ್ಲವಾದ್ದರಿಂದ, ಈ ಬರಹ ಮುಖ್ಯವಾಗಿ ಅವರಿಗೆ.

ನಮ್ಮ ದೇಶದಲ್ಲಿ ಅನೇಕರ ಕವಾಟ ಕೆಡುವುದು ಬಾಲ್ಯದ ಗಂಟಲುನೋವಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರದಿಂದ. ನನ್ನದು ಆ ಬಗೆಯದಲ್ಲ. ಕವಾಟದ ಹಿಂಬದಿಯ ಎಸಳು ಸಡಿಲಗೊಂಡು, ಹೃದಯದ ಪ್ರತಿ ಬಡಿತದಲ್ಲೂ ಒಂದಿಷ್ಟು ರಕ್ತ ಮೇಲಿನ ಕೋಣೆಯಾದ ಹೃತ್ಕರ್ಣಕ್ಕೆ ವಾಪಸು ನುಗ್ಗುತ್ತಿತ್ತು. ಮೊದಲು ಸೋರಿಕೆ ಮಧ್ಯಮ ಪ್ರಮಾಣದ್ದಾಗಿದ್ದುದರಿಂದ ವರ್ಷಕ್ಕೊಮ್ಮೆ, ತೀವ್ರವಾದ ಮೇಲೆ ಆರು ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಹೋಗಿ ಎಕೋ ಮಾಡಿಸಬೇಕಾಯಿತು. ಡಾಪ್ಲರ್ ಪರಿಣಾಮವನ್ನು (ಧ್ವನಿಯ ಮೂಲ ಹತ್ತಿರ ಬಂದಾಗ, ದೂರ ಹೋದಾಗ ಅದರ ಸ್ಥಾಯಿ ಬದಲಾಗುವುದನ್ನು) ರೈಲಿನ ಸಿಳ್ಳೆಯ ಉದಾಹರಣೆ ಕೊಟ್ಟು ಮಕ್ಕಳಿಗೆ ಕಲಿಸುತ್ತಿದ್ದವನು ನಾನು (ಶಿರಸಿಗೆ ರೈಲೇ ಇಲ್ಲ ಎಂಬುದು ಬೇರೆ ಮಾತು). ಅದೇ ತತ್ತ್ವದಿಂದ ನನ್ನ ರಕ್ತದ ಹರಿವು ಪರದೆಯ ಮೇಲೆ ಕೆಂಪು ನೀಲಿಯಾಗಿ ಮೂಡುವುದನ್ನು ಮಲಗಿದಲ್ಲಿಂದಲೇ ನೋಡಿದೆ. 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್, ಲೋಹದೊಳಗಿನ ಬಿರುಕು ಪತ್ತೆಹಚ್ಚುವ ಶ್ರವಣಾತೀತ ಧ್ವನಿಯ ಯಂತ್ರವನ್ನು ಹೃದಯದತ್ತ ತಿರುಗಿಸಿದಾಗ, ಎಡ್ಲರ್ ಅವರ ಮನಸ್ಸಿನಲ್ಲಿ ಇದ್ದದ್ದೂ ಈ ಮೈಟ್ರಲ್ ಕವಾಟವೇ. ಅವರಿಬ್ಬರಿಗೂ ನನ್ನ ನಮಸ್ಕಾರ ಸಲ್ಲಬೇಕು.

ಎಕೋ ಕೋಣೆಯ ತಂತ್ರಜ್ಞೆಗೆ ನಾನು ಎಷ್ಟು ಋಣಿಯೆಂಬುದನ್ನು ಆಕೆ ಬಹುಶಃ ಊಹಿಸಿರಲಾರರು. ಪ್ರತಿ ಸಲವೂ ಮೊದಲು ರಕ್ತದೊತ್ತಡ ನೋಡಿ ವರದಿಯಲ್ಲಿ ಬರೆದುಕೊಳ್ಳುತ್ತಿದ್ದರು, ಏಕೆಂದರೆ ಒತ್ತಡ ಏರಿದ್ದಾಗ ಅದೇ ಕವಾಟ ಹೆಚ್ಚು ಸೋರಿದಂತೆ ಕಾಣುತ್ತದೆ. ಹಿಂದಿನ ಸಲದ ಚಿತ್ರಗಳನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು, ಅದೇ ಕೋನದಿಂದ, ಅದೇ ಜಾಗದಲ್ಲಿ ಅಳೆಯುತ್ತಿದ್ದರು. ಹೊರಗೆ ಸರದಿ ಎಷ್ಟೇ ಉದ್ದವಿರಲಿ, ಒಂದು ಅಳತೆ ಮನಸ್ಸಿಗೆ ಒಪ್ಪದಿದ್ದರೆ ಉಸಿರು ಹಿಡಿಯಲು ಹೇಳಿ ಮತ್ತೆ ಅಳೆಯುತ್ತಿದ್ದರು. ಹೃದಯ ಸಂಕುಚಿಸಿದಾಗ ಎಡ ಹೃತ್ಕುಕ್ಷಿಯ ವ್ಯಾಸ 34 ಮಿಲಿಮೀಟರಿನಿಂದ 37ಕ್ಕೆ, ಕೊನೆಗೆ 41ಕ್ಕೆ ಏರಿದ್ದನ್ನು ನಂಬಬಹುದಾಗಿದ್ದು ಈ ಶ್ರದ್ಧೆಯಿಂದ. ಅಳೆಯುವ ಕೈ ಅಡ್ಡಾದಿಡ್ಡಿಯಾಗಿದ್ದರೆ ಮೂರ್ನಾಲ್ಕು ಮಿಲಿಮೀಟರಿನ ವ್ಯತ್ಯಾಸಕ್ಕೆ ಅರ್ಥವೇ ಇರುತ್ತಿರಲಿಲ್ಲ.

ನನ್ನ ಹೃದ್ರೋಗ ತಜ್ಞರು ತಾಳ್ಮೆಯಿಂದ ಹೇಳಿಕೊಟ್ಟ ಒಂದು ವಿಷಯವನ್ನು ಇಲ್ಲಿ ದಾಖಲಿಸಬೇಕು. ಹೃದಯ ತನ್ನಲ್ಲಿ ತುಂಬಿದ ರಕ್ತದ ಎಷ್ಟು ಪಾಲನ್ನು ಹೊರದೂಡುತ್ತದೆ ಎಂಬ ಲೆಕ್ಕ, ಅಂದರೆ ಎಜೆಕ್ಷನ್ ಫ್ರಾಕ್ಷನ್, ನನ್ನ ವರದಿಯಲ್ಲಿ ಕೊನೆಯವರೆಗೂ ಶೇ. 60ರ ಮೇಲೆಯೇ ಇತ್ತು. ಬೇರೆಯವರಿಗೆ ಅದು ನೆಮ್ಮದಿಯ ಅಂಕಿ. ಮೈಟ್ರಲ್ ಸೋರಿಕೆಯಲ್ಲಿ ಮಾತ್ರ ಹೊರದೂಡಿದ ರಕ್ತದಲ್ಲಿ ಹಿಂದಕ್ಕೆ ಹೋದದ್ದೂ ಸೇರಿರುವುದರಿಂದ, ಸ್ನಾಯು ಸೋಲುತ್ತಿದ್ದರೂ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದಲೇ ತೀವ್ರ ಸೋರಿಕೆಯವರಲ್ಲಿ ಅದು ಶೇ. 60ಕ್ಕೆ ಇಳಿದರೆ, ಇಲ್ಲವೇ ಸಂಕುಚಿಸಿದ ಎಡ ಹೃತ್ಕುಕ್ಷಿಯ ವ್ಯಾಸ 40 ಮಿಲಿಮೀಟರ್ ಮುಟ್ಟಿದರೆ, ರೋಗಿಗೆ ಏದುಸಿರು ಇಲ್ಲದಿದ್ದರೂ ಶಸ್ತ್ರಚಿಕಿತ್ಸೆಯ ಮಾತು ಎತ್ತುತ್ತಾರೆ. ನಾನು ಆಗಲೂ ಬೆಳಿಗ್ಗೆ ಸಲೀಸಾಗಿ ನಡೆದಾಡುತ್ತಿದ್ದೆ. ಆರಾಮಾಗಿರುವವನ ಎದೆ ತೆರೆಯುವುದೇಕೆ ಎಂದು ಮನೆಯಲ್ಲಿ ಎದ್ದ ಪ್ರಶ್ನೆಗೆ ಅವರು ಸಿಡುಕದೆ, ಎಲ್ಲ ವರದಿಗಳನ್ನೂ ಮೇಜಿನ ಮೇಲೆ ಹರಡಿ ಉತ್ತರಿಸಿದರು.

ಸೋರಿಕೆಯ ಧಾರೆ ಹೃತ್ಕರ್ಣದ ಗೋಡೆಗೆ ಅಂಟಿಕೊಂಡು ಹರಿಯುತ್ತಿದ್ದುದರಿಂದ, ಬಣ್ಣದ ಚಿತ್ರ ಅದನ್ನು ಕಡಿಮೆ ಮಾಡಿ ತೋರಿಸುತ್ತಿರಬಹುದೆಂಬ ಸಂಶಯವೂ ಅವರಿಗಿತ್ತು. ಅದಕ್ಕಾಗಿ ಹೃದಯದ ಎಂ.ಆರ್.ಐ. ಆಯಿತು. ಎಡ ಹೃತ್ಕುಕ್ಷಿ ಬಡಿತವೊಂದಕ್ಕೆ ದೂಡುತ್ತಿದ್ದದ್ದು 118 ಮಿಲಿಲೀಟರ್, ದೇಹಕ್ಕೆ ರಕ್ತ ಒಯ್ಯುವ ಮಹಾಪಧಮನಿಗೆ ಹೋಗುತ್ತಿದ್ದದ್ದು 56. ಉಳಿದ 62 ಮಿಲಿಲೀಟರ್, ಅಂದರೆ ಅರ್ಧಕ್ಕಿಂತ ಹೆಚ್ಚು, ಹಿಂದಕ್ಕೆ. ಈ ಕಳೆಯುವ ಲೆಕ್ಕ ಕಂಡ ಮೇಲೆ ಮನೆಯಲ್ಲಿ ಯಾರೂ ವಾದಿಸಲಿಲ್ಲ. ಆ ಕೊಳವೆಯೊಳಗೆ ಉಸಿರು ಬಿಗಿಹಿಡಿದು ಮಲಗಿದ್ದ ಅಷ್ಟು ಹೊತ್ತೂ ಧ್ವನಿವರ್ಧಕದಿಂದ ಧೈರ್ಯ ಹೇಳುತ್ತಿದ್ದ ಯುವಕನಿಗೆ ಒಳ್ಳೆಯದಾಗಲಿ.

ಶಸ್ತ್ರಚಿಕಿತ್ಸೆಯ ವಿವರ ನನಗಿಂತ ಬಲ್ಲವರು ಹೇಳಬೇಕು. ಕವಾಟವನ್ನು ಬದಲಿಸದೆ, ಸಡಿಲ ಎಸಳನ್ನು ಸರಿಪಡಿಸಿ ಸುತ್ತ ಉಂಗುರ ಹೊಲಿದರು. ಎದೆ ಮುಚ್ಚುವ ಮೊದಲು ಅರಿವಳಿಕೆ ತಜ್ಞರು, ನಿದ್ದೆಯಲ್ಲಿ ಇಳಿದಿದ್ದ ರಕ್ತದೊತ್ತಡವನ್ನು ಔಷಧದಿಂದ ಏರಿಸಿ, ಅನ್ನನಾಳಕ್ಕೆ ಇಳಿಸಿದ ಎಕೋ ಪ್ರೋಬಿನಿಂದ ಸೋರಿಕೆ ನಿಂತಿದೆಯೇ ಎಂದು ನೋಡಿ ಖಚಿತಪಡಿಸಿಕೊಂಡರಂತೆ. ಮುಖ ಕೂಡ ನೆನಪಿಲ್ಲದ ಅವರಿಗೂ, ರಕ್ತ ಕೊಟ್ಟ ಅಪರಿಚಿತರಿಗೂ, ಎಲ್ಲ ವರದಿಗಳನ್ನು ತಾರೀಖಿನಂತೆ ಜೋಡಿಸಿ ಕಾಪಾಡಿದ ಪತ್ನಿಗೂ, ಆಸ್ಪತ್ರೆಯ ಓಡಾಟವನ್ನೆಲ್ಲ ಹೊತ್ತ ಭಾವನವರಿಗೂ ನಾನು ಕೃತಜ್ಞ.

ಇನ್ನೊಬ್ಬರು ಉಳಿದರು. ಹೋದ ತಿಂಗಳು ಹಲ್ಲು ಕೀಳಿಸಲು ಹೋದಾಗ ನಮ್ಮೂರಿನ ದಂತವೈದ್ಯರು ಕವಾಟದ ಉಂಗುರದ ಸಂಗತಿ ಕೇಳಿ ಇಕ್ಕಳವನ್ನು ಕೆಳಗಿಟ್ಟು, ಹೃದ್ರೋಗ ತಜ್ಞರಿಗೆ ಫೋನು ಮಾಡಿ, ಸೋಂಕು ಉಂಗುರಕ್ಕೆ ತಗುಲದಂತೆ ಮೊದಲು ಆಂಟಿಬಯಾಟಿಕ್ ನುಂಗಿಸಿ, ಆಮೇಲಷ್ಟೇ ಹಲ್ಲಿಗೆ ಕೈಹಾಕಿದರು. ಅವರಿಗೂ ಧನ್ಯವಾದ.