ಕೊಲಂಬಸ್‌ಗೆ ಹೊರಟ ಹುಡುಗನಿಗೆ

ಚಿರಂಜೀವಿ ಪ್ರಣವನಿಗೆ ಆಶೀರ್ವಾದಗಳು.

ಕೊಲಂಬಸ್‌ನ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್.ಗೆ ಸೀಟು ಸಿಕ್ಕಿದ ವಿಷಯ ನಿನ್ನಪ್ಪ ಫೋನಿನಲ್ಲಿ ಹೇಳಿದ, ಬಹಳ ಸಂತೋಷವಾಯಿತು. ಜೊತೆಗೆ, "ಅದು ಕಾಲೇಜಿನೂರು ದೊಡ್ಡಪ್ಪ, ಎಲ್ಲಾ ನಡೆದೇ ಓಡಾಡಬಹುದಂತೆ" ಅಂದೆಯಂತೆ. ಆ ಎಣಿಕೆಯಲ್ಲಿ ಮನೆ ಹುಡುಕಬೇಡ. 2020ರ ಜನಗಣತಿಯಲ್ಲಿ ಕೊಲಂಬಸ್‌ನಲ್ಲಿ ಇದ್ದವರು 9,05,748 ಜನ. 1812ರಲ್ಲಿ ಒಹಾಯೊ ರಾಜ್ಯದ ರಾಜಧಾನಿಗೆಂದೇ ಗುರುತಿಸಿ ಕಟ್ಟಿದ ಊರು ಅದು. ವಿಶ್ವವಿದ್ಯಾಲಯ ಬಂದದ್ದು 1870ರಲ್ಲಿ. ಅರವತ್ತು ಸಾವಿರ ವಿದ್ಯಾರ್ಥಿಗಳಿದ್ದರೂ ಊರಿನ ಲೆಕ್ಕದಲ್ಲಿ ಅದು ಒಂದು ಸಣ್ಣ ಭಾಗ ಮಾತ್ರ.

ಇಷ್ಟು ಹರಡಿದ್ದು ಹೇಗೆ ಅಂದರೆ, 1950ರ ದಶಕದಲ್ಲಿ ಸೆನ್ಸೆನ್‌ಬ್ರೆನರ್ ಎಂಬ ಮೇಯರ್ ಇದ್ದರು. ನಗರದ ನೀರು, ಒಳಚರಂಡಿ ಬೇಕಿದ್ದರೆ ನಗರಕ್ಕೇ ಸೇರಿ ಎಂದು ಸುತ್ತಲಿನ ಜಾಗಗಳ ಮೇಲೆ ಪಟ್ಟು ಹಿಡಿದರು. ಆಗ ಸುಮಾರು 40 ಚದರ ಮೈಲಿಯಿದ್ದ ಊರು ಈಗ 220 ಆಗಿದೆ. ಸೇರದೆ ಉಳಿದ ಅಪ್ಪರ್ ಆರ್ಲಿಂಗ್ಟನ್, ಬೆಕ್ಸ್‌ಲಿ, ಗ್ರ್ಯಾಂಡ್‌ವ್ಯೂ ಹೈಟ್ಸ್ ಮಧ್ಯೆ ನಡುಗಡ್ಡೆಗಳ ಹಾಗೆ ಇವೆ, ಅವುಗಳ ಪೊಲೀಸರು ಬೇರೆ, ಶಾಲೆಗಳು ಬೇರೆ. ನಿನಗೆ ಇದರಿಂದ ಆಗಬೇಕಾದ್ದು ಇಷ್ಟೇ: ಜಾಹೀರಾತಿನಲ್ಲಿ "ಕೊಲಂಬಸ್" ಎಂದಿದ್ದರೆ ಹತ್ತು ಹನ್ನೆರಡು ಮೈಲಿ ಆಚೆಯೂ ಇರಬಹುದು. ಪಿನ್ ನೋಡು. 43210 ಕ್ಯಾಂಪಸ್ಸೇ. 43201 ಅದರ ಪೂರ್ವ ಮತ್ತು ದಕ್ಷಿಣ, 43202 ಉತ್ತರದ ಕಡೆ. ಬೇರೆ ಸಂಖ್ಯೆ ಕಂಡರೆ ಮೊದಲು ಬಸ್ ನೋಡಿಕೋ, ಬಾಡಿಗೆಯ ಮಾತು ಆಮೇಲೆ.

ಊರಿನ ಬೆನ್ನುಮೂಳೆ ಹೈ ಸ್ಟ್ರೀಟ್. ಕ್ಯಾಂಪಸ್ಸಿನಿಂದ ದಕ್ಷಿಣಕ್ಕೆ ಹೋದರೆ ಶಾರ್ಟ್ ನಾರ್ತ್ ಎಂಬ ಬಡಾವಣೆ, ಅದು ದಾಟಿದರೆ ಶಾಸನಸಭೆಯ ಕಟ್ಟಡ. ಉತ್ತರಕ್ಕೆ ಕ್ಲಿಂಟನ್‌ವಿಲ್. ಕೋಟಾ, ಅಂದರೆ ಅಲ್ಲಿನ ಸಾರಿಗೆ ಸಂಸ್ಥೆ, ಅದರ 2ನೇ ನಂಬರಿನ ಬಸ್ಸು ಇದೇ ರಸ್ತೆಯಲ್ಲಿ ಓಡುತ್ತದೆ. ಕಾರಿಲ್ಲದವನು ಈ ರಸ್ತೆ ಬಿಟ್ಟು ದೂರ ಹೋಗದಿರುವುದು ಕ್ಷೇಮ. ರೈಲಿನ ಆಸೆಯಂತೂ ಬೇಡವೇ ಬೇಡ. ಇಷ್ಟು ದೊಡ್ಡ ಊರಿಗೆ 1979ರಿಂದ ಪ್ರಯಾಣಿಕರ ರೈಲೇ ಇಲ್ಲ ಅಂದರೆ ನಂಬುತ್ತೀಯಾ?

ಹೈ ಸ್ಟ್ರೀಟಿನ ಪೂರ್ವಕ್ಕೆ ಸಾಲಾಗಿ ನಿಂತಿರುವ ಹಳೆಯ ಮನೆಗಳೇ ವಿದ್ಯಾರ್ಥಿಗಳ ಬಾಡಿಗೆ ಮನೆಗಳು. ನೋಡಲು ಚೆಂದ, ಆದರೆ ಗೋಡೆಯೊಳಗೆ ಚಳಿ ತಡೆಯುವ ಪದರ ಇರುವುದು ಅನುಮಾನ, ಕಿಟಕಿಯ ಸಂದಿಯಲ್ಲಿ ಗಾಳಿ ಶಿಳ್ಳೆ ಹಾಕುತ್ತದೆ. ಬಾಡಿಗೆ ಕಡಿಮೆ ಎಂದು ಖುಷಿಪಟ್ಟವರು ಜನವರಿಯ ಗ್ಯಾಸ್ ಬಿಲ್ ನೋಡಿ ತಲೆ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಸಹಿ ಹಾಕುವ ಮುಂಚೆ ಕಳೆದ ಚಳಿಗಾಲದ ಬಿಲ್ ಕೇಳು. ನೀರು, ಗ್ಯಾಸ್, ಕರೆಂಟು ಯಾರ ತಲೆಗೆ ಎಂದು ಬರಹದಲ್ಲೇ ಇರಲಿ. ಒಳಗೆ ಹೋದ ದಿನ ಪ್ರತಿ ಗೋಡೆ, ಕಾರ್ಪೆಟ್ಟಿನ ಪ್ರತಿ ಕಲೆಯ ಫೋಟೊ ತೆಗೆ. ಬಿಡುವಾಗ ಹೊಸ ವಿಳಾಸವನ್ನು ಕಾಗದದಲ್ಲಿ ಬರೆದು ಕೊಡು. ಹಾಗೆ ಕೊಟ್ಟಿದ್ದರೆ 30 ದಿನದೊಳಗೆ ಮುಂಗಡ ವಾಪಸು ಮಾಡಬೇಕು, ಹಿಡಿದುಕೊಂಡದ್ದಕ್ಕೆ ಲೆಕ್ಕ ಕೊಡಬೇಕು ಎಂದು ಒಹಾಯೊ ಕಾನೂನಿದೆ. ಬಾಯಿಮಾತಿನಲ್ಲಿ ಹೇಳಿ ಬಂದವರು ಸೋಲುವುದು ಇಲ್ಲೇ.

ಇನ್ನು ಜನ. ಹತ್ತರಲ್ಲಿ ಸುಮಾರು ಮೂವರು ಕಪ್ಪು ಜನ, ಅರ್ಧಕ್ಕಿಂತ ಹೆಚ್ಚು ಬಿಳಿಯರು. ಬಿಳಿಯರೆಲ್ಲ ಒಂದೇ ಅಂದುಕೊಳ್ಳಬೇಡ. ದಕ್ಷಿಣದ ಜರ್ಮನ್ ವಿಲೇಜ್‌ನ ಇಟ್ಟಿಗೆ ಮನೆಗಳನ್ನು ಕಟ್ಟಿದವರೇ ಬೇರೆ, ಕೆಂಟಕಿ, ವೆಸ್ಟ್ ವರ್ಜೀನಿಯಾ ಬೆಟ್ಟಗಳಿಂದ ಕಾರ್ಖಾನೆ ಕೆಲಸಕ್ಕೆ ಇಳಿದು ಬಂದವರೇ ಬೇರೆ. ಅಮೆರಿಕದಲ್ಲಿ ಮಿನಿಯಾಪೊಲಿಸ್ ಸುತ್ತಮುತ್ತ ಬಿಟ್ಟರೆ ಸೋಮಾಲಿಗಳು ಹೆಚ್ಚಿರುವುದು ಈ ಊರಲ್ಲೇ. ಭೂತಾನದಿಂದ ಹೊರಬಿದ್ದ ನೇಪಾಳಿ ಮಾತಿನ ಜನವೂ ಸಾವಿರಾರು. ಒಂದು ಭಾನುವಾರ ಕ್ಲೀವ್‌ಲ್ಯಾಂಡ್ ಅವೆನ್ಯೂ, ಮೋರ್ಸ್ ರೋಡ್ ಕಡೆ ಹೋಗು. ಸೋಮಾಲಿ ಹೋಟೆಲಿನಲ್ಲಿ ಅನ್ನದ ತಟ್ಟೆಯ ಪಕ್ಕ ಸಿಪ್ಪೆ ಸಹಿತ ಬಾಳೆಹಣ್ಣು ಇಡುತ್ತಾರೆ. ಊಟ ಆದಮೇಲೆ ತಿನ್ನಲಿಕ್ಕಲ್ಲ, ತುಂಡು ಮಾಡಿ ಅನ್ನದ ಜೊತೆಯೇ ತಿನ್ನುವುದು. ಚಹಾಕ್ಕೆ ಏಲಕ್ಕಿ ಹಾಕುತ್ತಾರೆ, ನಿನಗೆ ಹಿಡಿಸುತ್ತದೆ.

ನಮ್ಮವರು ಹೆಚ್ಚಾಗಿ ವಾಯವ್ಯಕ್ಕೆ, ಡಬ್ಲಿನ್, ಪೊವೆಲ್ ಕಡೆ. ಬ್ಯಾಂಕು, ವಿಮೆ ಕಂಪನಿಗಳ ಐಟಿ ಕೆಲಸ, ಮೇರಿಸ್‌ವಿಲ್‌ನ ಹೋಂಡಾ ಕಾರ್ಖಾನೆ ಎಲ್ಲಾ ಆ ದಿಕ್ಕಿಗೆ ಹತ್ತಿರ. ಭಾರತೀಯ ಹಿಂದೂ ಟೆಂಪಲ್ ಪೊವೆಲ್‌ನಲ್ಲಿದೆ. ಕಾರಿದ್ದ ಸಹಪಾಠಿ ಸಿಕ್ಕರೆ ದೇವಸ್ಥಾನ, ದಿನಸಿ ಎರಡೂ ಒಂದೇ ಸುತ್ತಿನಲ್ಲಿ ಮುಗಿಸು, ಪೆಟ್ರೋಲಿಗೆ ದುಡ್ಡು ಕೊಡು.

ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ ಶನಿವಾರ ವಿಶ್ವವಿದ್ಯಾಲಯದ ತಂಡದ ಅಮೆರಿಕನ್ ಫುಟ್‌ಬಾಲ್. ಕುದುರೆ ಲಾಳದ ಆಕಾರದ ಆ ಕ್ರೀಡಾಂಗಣದಲ್ಲಿ 1,02,780 ಜನ ಕೂರುತ್ತಾರೆ. ಆ ದಿನ ಬಸ್ ದಾರಿ ಬದಲಾಗುತ್ತದೆ, ಎಲ್ಲೆಂದರಲ್ಲಿ ನಿಲ್ಲಿಸಿದ ಕಾರನ್ನು ಎತ್ತಿಕೊಂಡು ಹೋಗುತ್ತಾರೆ. ದಾರಿಯಲ್ಲಿ ಯಾರಾದರೂ "ಓ-ಎಚ್!" ಎಂದು ಕೂಗಿದರೆ ಬೆಪ್ಪಾಗಿ ನಿಲ್ಲಬೇಡ, "ಐ-ಓ!" ಅನ್ನು, ಎರಡೂ ಸೇರಿ ಒಹಾಯೊ ಎಂಬುದರ ಇಂಗ್ಲಿಷ್ ಅಕ್ಷರಗಳು. ಬದ್ಧ ಎದುರಾಳಿ ಮಿಷಿಗನ್ ಜೊತೆಗಿನ ಪಂದ್ಯದ ವಾರ ಕ್ಯಾಂಪಸ್ಸಿನ ಫಲಕಗಳಲ್ಲಿ ಎಂ ಅಕ್ಷರದ ಮೇಲೆಲ್ಲ ಕೆಂಪು ಕಾಟು ಬಿದ್ದಿರುತ್ತದೆ. ಅದು ತುಂಟತನ, ಗಾಬರಿ ಬೇಡ.

ಬುಧವಾರ ಮಧ್ಯಾಹ್ನ 12ಕ್ಕೆ ಊರೆಲ್ಲ ಸೈರನ್ ಕೂಗಿದರೂ ಗಾಬರಿ ಬೇಡ, ಸುಂಟರಗಾಳಿ ಎಚ್ಚರಿಕೆಯ ಪರೀಕ್ಷೆ. ಬೇರೆ ಹೊತ್ತಿನಲ್ಲಿ ಕೂಗಿದರೆ ಮಾತ್ರ ನೆಲಮಾಳಿಗೆಗೆ ಇಳಿ, ಇಲ್ಲದಿದ್ದರೆ ಕಿಟಕಿಯಿಲ್ಲದ ಒಳಕೋಣೆ.

ಚಳಿಗಾಲದಲ್ಲಿ ಹಿಮಕ್ಕಿಂತ ಕಾಟ ಕೊಡುವುದು ಕರಗಿ ಮತ್ತೆ ಗಟ್ಟಿಯಾಗುವ ನೀರು. ಸಂಜೆ ಮಳೆ, ರಾತ್ರಿ ಸೊನ್ನೆಗಿಂತ ಕೆಳಗೆ, ಬೆಳಿಗ್ಗೆ ಫುಟ್‌ಪಾತು ಗಾಜು. ದಪ್ಪ ಜಾಕೆಟ್ಟಿಗೆ ಸುರಿಯುವ ದುಡ್ಡಿನಲ್ಲಿ ಅರ್ಧ, ಹಿಡಿತವಿರುವ ಬೂಟಿಗೆ ಹಾಕು.

ಕ್ಯಾಂಪಸ್ಸಿನಲ್ಲಿ ದುಡಿದರೆ ನಗರದ ತೆರಿಗೆ ಶೇ. 2.5 ಸಂಬಳದಿಂದ ಹೋಗುತ್ತದೆ, ಬಜೆಟ್ಟಿನಲ್ಲಿ ಮೊದಲೇ ಕಳೆದುಬಿಡು.

ಕಡೆಯದೊಂದು, ಎಲ್ಲಕ್ಕಿಂತ ತುರ್ತಿನದು. ಕ್ಯಾಂಪಸ್ ಸುತ್ತ ಲೀಸುಗಳು ಹೆಚ್ಚುಕಡಿಮೆ ಎಲ್ಲಾ ಒಟ್ಟಿಗೇ, ಆಗಸ್ಟಿನಲ್ಲಿ ಶುರುವಾಗುತ್ತವೆ. ಹಳಬರು ಬಿಟ್ಟು ಹೊಸಬರು ಬರುವ ನಡುವೆ ಬಣ್ಣ, ರಿಪೇರಿ ಎಂದು ಕೆಲವು ದಿನ ಬೀಗ ಹಾಕಿರುತ್ತಾರೆ. ನಾಲ್ಕು ದಿನ ಮುಂಚೆ ಇಳಿದವರು ಸೂಟ್‌ಕೇಸಿನ ಜೊತೆ ಬೀದಿಯಲ್ಲಿ. ಟಿಕೆಟ್ ಬುಕ್ ಮಾಡುವ ಮುಂಚೆ ಬೀಗದ ಕೈ ಕೊಡುವ ತಾರೀಖನ್ನು ಮಾಲೀಕರಿಂದ ಬರಹದಲ್ಲಿ ತರಿಸಿಕೊಂಡು ನನಗೂ ಒಂದು ಪ್ರತಿ ಕಳಿಸು.

ಇತಿ,
ನಿನ್ನ ದೊಡ್ಡಪ್ಪ