ದೇವರಾಜ ಮಾರ್ಕೆಟ್ಟಲ್ಲಿ ಸಿಕ್ಕ ವಿಡಿಯೋ ಅಣ್ಣಂಗೆ ಥ್ಯಾಂಕ್ಸ್

ಹುಡುಗಿ ಅಜ್ಜಿನ ಹುಡುಕೋ ಸೀನು, ಬೇರೆ ಲೈಟ್ ಬೇಡ, ಮೈಸೂರು ದೇವರಾಜ ಮಾರ್ಕೆಟ್ ಹೂವಿನ ಸಾಲಲ್ಲಿ ಅಂಗಡಿ ಟ್ಯೂಬ್‌ಲೈಟಲ್ಲೇ ಕಟ್ ಇಲ್ದೆ ಒಂದೇ ಶಾಟ್ ತೆಗಿಯೋಣ ಅಂತ ನಮ್ಮ ಕಾಲೇಜ್ ಟೀಮ್ ಹಠ, ನೋಡಿದ್ರೆ ಸ್ಕ್ರೀನ್ ತುಂಬ ಕಪ್ಪು ಪಟ್ಟೆ ಓಡ್ತಿದೆ, ಜನ ಬೇರೆ ಜಾಸ್ತಿ ಆಗ್ತಿದಾರೆ. ಹಾರ ತಗೊಳ್ಳೋಕೆ ಬಂದಿದ್ದ ಮದುವೆ ವಿಡಿಯೋ ಅಣ್ಣ ಒಬ್ರು ಇಣುಕಿ, "ನಮ್ ಕರೆಂಟು 50 ಹರ್ಟ್ಸ್ ಕಣೋ, ಟ್ಯೂಬ್‌ಲೈಟು ಅದರ ತಾಳಕ್ಕೇ ಮಿಣುಕುತ್ತೆ, ಶಟರ್ 1/60 ಸೆಕೆಂಡ್ ಬೇಡ, 1/50 ಇಡು" ಅಂದ್ರು. ಶಟರ್ ಅಂದ್ರೆ ಕ್ಯಾಮೆರಾ ಒಂದೊಂದು ಫ್ರೇಮಿಗೆ ಬೆಳಕು ತಗೊಳ್ಳೋ ಹೊತ್ತು. ಪಟ್ಟೆ ಮಾಯ! ಅಬ್ಬಾ, ಹೋದ ಜೀವ ಬಂತು.

ಅಷ್ಟಕ್ಕೇ ಹೋಗ್ಲಿಲ್ಲ, ಹಾರದ ಕವರ್ ಮೊಳಕೈಗೆ ಸಿಕ್ಕಿಸ್ಕೊಂಡು, ಹಿಂದಕ್ಕೆ ನಡೀತಿದ್ದ ಕ್ಯಾಮೆರಾ ಹುಡುಗನ ಬೆಲ್ಟ್ ಹಿಡಿದು ಬುಟ್ಟಿಗಳಿಗೆ ತಗುಲದ ಹಾಗೆ ಕೊನೆವರೆಗೂ ಕರ್ಕೊಂಡು ಹೋದ್ರು. ಟೀ ಕುಡಿಯೋಣ ಬನ್ನಿ ಅಂದ್ರೆ "ರಿಸೆಪ್ಷನ್ ಶುರುವಾಗುತ್ತೆ" ಅಂತ ಓಡೇಬಿಟ್ರು, ಹೆಸ್ರೂ ಕೇಳೋಕಾಗ್ಲಿಲ್ಲ. ಟೈಟಲ್ಸಲ್ಲಿ 'ಹಾರದ ಅಣ್ಣ' ಅಂತ ಹಾಕಿದೀವಿ, ಇದನ್ನ ಓದಿದ್ರೆ ಒಂದು ಮೆಸೇಜ್ ಮಾಡಿ ಅಣ್ಣ.